ನೀರು ಬಿಟ್ಟುಕೊಟ್ಟ ದಡ

ಮಂಡ್ಯದವರಿಗೆ 124.80 ಹೇಗೋ ಸೂರತ್ತಿನವರಿಗೆ 345 ಹಾಗೆ. ಮೊದಲನೆಯದು ಕನ್ನಂಬಾಡಿ ಕಟ್ಟೆ ತುಂಬಿತು ಅನ್ನುವುದರ ಅಡಿ ಲೆಕ್ಕ. ಎರಡನೆಯದು ತಾಪಿ ನದಿಗೆ ಅಡ್ಡಲಾಗಿ ಕಟ್ಟಿರುವ ಉಕಾಯಿ ಅಣೆಕಟ್ಟೆಯದು. ಒಂದನ್ನು ಹೊಳೆಯ ತಳದಿಂದ ಅಳೆಯುತ್ತಾರೆ, ಇನ್ನೊಂದನ್ನು ಸಮುದ್ರ ಮಟ್ಟದಿಂದ. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಕಟ್ಟೆ ತುಂಬಿತು ಅಂದರೆ ಮಂಡ್ಯದಲ್ಲಿ ಬಾಗಿನಕ್ಕೆ ತಯಾರಿ ನಡೆಯುತ್ತದೆ. ಆಗಸ್ಟ್ ತಿಂಗಳಲ್ಲೇ ಉಕಾಯಿ ತುಂಬುತ್ತಾ ಬಂತು ಅಂದರೆ ಸೂರತ್ತಿನಲ್ಲಿ ನೆಲಮಹಡಿಯ ಅಂಗಡಿಯವರು ಸರಕನ್ನು ಮೇಲಕ್ಕೆ ಸಾಗಿಸುವ ಯೋಚನೆ ಮಾಡುತ್ತಾರೆ.

ನಾನು ಎಂ.ಟೆಕ್. ಓದಿದ್ದು ಜಲಸಂಪನ್ಮೂಲ, ಹೊಟ್ಟೆಪಾಡು ಸಾಫ್ಟ್‌ವೇರ್. ಸೂರತ್ತಿನ ದಕ್ಷಿಣದಲ್ಲಿರುವ ಪಾಂಡೇಸರಾದ ಮಿಲ್ಲುಗಳಿಗೆ ಉತ್ಪಾದನೆಯ ಲೆಕ್ಕ ಇಡುವ ತಂತ್ರಾಂಶ ಅಳವಡಿಸುವುದು ನನ್ನ ತಂಡದ ಕೆಲಸ. ಪಾಂಡೇಸರಾ ಅಂದರೆ ಬಟ್ಟೆಗೆ ಬಣ್ಣ ಹಾಕುವ, ಪ್ರಿಂಟ್ ಮಾಡುವ ಮಿಲ್ಲುಗಳ ಸಾಲು, ಅವುಗಳ ಸುತ್ತ ಒಡಿಶಾ, ಬಿಹಾರ, ಉತ್ತರ ಪ್ರದೇಶ, ಖಾನ್‌ದೇಶಗಳಿಂದ ಬಂದವರ ಬಾಡಿಗೆ ಕೋಣೆಗಳು. ಇಲ್ಲಿ ಬಟ್ಟೆ ಬಣ್ಣ ಕುಡಿಯುವುದಕ್ಕೆ ಮೊದಲು ನೀರು ಕುಡಿಯುತ್ತದೆ. ಆ ನೀರಿನ ಹಸಿವು ಎಷ್ಟೆಂದರೆ, 2014ರಿಂದ ಬಮರೋಲಿಯ ಸ್ಥಾವರದಲ್ಲಿ ನಗರದ ಕೊಳಚೆ ನೀರನ್ನೇ ಮೂರನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 4 ಕೋಟಿ ಲೀಟರಿನ ಸಾಮರ್ಥ್ಯದಲ್ಲಿ ಪಾಂಡೇಸರಾದ ಮಿಲ್ಲುಗಳಿಗೆ ಕೊಡುವ ವ್ಯವಸ್ಥೆಯನ್ನು ಮಹಾನಗರಪಾಲಿಕೆ ಮಾಡಿದೆ. ನಾವು ಕುಡಿಯುವ ನೀರು ತಾಪಿಯದು. ತಾಪಿಯಲ್ಲಿ ಬೇಸಿಗೆಗೂ ನೀರಿರುವುದು ಉಕಾಯಿಯಿಂದ.

ಇಂಥ ಊರಿನವರಿಗೆ ಚಳಿಗಾಲದ ಎರಡು ದಿನ ರಜೆ ಸಿಕ್ಕರೆ ನೀರಿನ ದಡವೇ ಬೇಕು. ಮಿಲ್ಲಿನ ಕೆಲಸಗಾರರು ಸಂಜೆಗೆ ಡುಮಸ್ ಕಡಲತೀರಕ್ಕೆ ಹೋಗಿಬರುತ್ತಾರೆ. ನಮ್ಮಂಥ ಆಫೀಸಿನವರು ಕಾರಿಗೆ ಟೆಂಟು, ಮಲಗುವ ಚೀಲ, ಗ್ಯಾಸ್ ಒಲೆ ತುಂಬಿಕೊಂಡು ಉಕಾಯಿಯ ಕಡೆ ಹೊರಡುತ್ತೇವೆ. ಈಚಿನ ವರ್ಷಗಳಲ್ಲಿ ಇದೊಂದು ರೂಢಿಯೇ ಆಗಿದೆ. ಈ ರೂಢಿಗೆ ಇತಿಹಾಸವೊಂದಿದೆ. ಜಲಾಶಯದ ದಡದಲ್ಲಿ ಡೇರೆ ಹೂಡಿ ನಲಿಯುವುದು ಯಾವಾಗಿನಿಂದ ಬಂತು? ಆ ದಡ ಯಾರದು? ಈ ಲೇಖನ ಆ ಎರಡು ಪ್ರಶ್ನೆಗಳ ಬಗ್ಗೆ.

ಬಾದಶಹನ ಡೇರೆ, ಇಟಲಿಯವನ ಕಣ್ಣು

ಗುಜರಾತಿನಲ್ಲಿ ಮಾನವ ನಿರ್ಮಿತ ಕೆರೆಯ ದಂಡೆಯ ವಿಹಾರ ಹೊಸದೇನಲ್ಲ. ಅಹಮದಾಬಾದಿನ ಕಾಂಕರಿಯಾ ಕೆರೆ 1451ರಲ್ಲಿ ಸುಲ್ತಾನ್ ಕುತ್ಬುದ್ದೀನನ ಕಾಲದಲ್ಲಿ ಪೂರ್ಣಗೊಂಡಿತು. ಹೌಜ್-ಎ-ಕುತ್ಬ್ ಎಂಬುದು ಅದರ ಹಳೆಯ ಹೆಸರು. ಬಹುಭುಜಾಕೃತಿಯ ದಂಡೆ, ಸುತ್ತ ಕಲ್ಲಿನ ಮೆಟ್ಟಿಲು, ನಡುವಿನ ದ್ವೀಪದಲ್ಲಿ ನಗೀನಾವಾಡಿ ಎಂಬ ತೋಟ. ನೀರು ಕೂಡಿಡುವುದು, ನೋಡಿ ಸಂತೋಷಪಡುವುದು ಎರಡನ್ನೂ ಕಟ್ಟುವಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನುವುದಕ್ಕೆ ಆ ದ್ವೀಪವೇ ಸಾಕ್ಷಿ. 1618ರ ಆರಂಭದಲ್ಲಿ ಜಹಾಂಗೀರ್ ಬಾದಶಹ ಅಹಮದಾಬಾದಿಗೆ ಬಂದಾಗ ಈ ಕೆರೆಯ ದಂಡೆಯಲ್ಲಿ ಬೀಡುಬಿಟ್ಟ. ಮೊಗಲರ ಬೀಡು ಅಂದರೆ ಬಟ್ಟೆಯಿಂದ ಕಟ್ಟಿದ ಇಡೀ ಒಂದು ಪಟ್ಟಣ. ಬಾದಶಹನದು ಆಳ್ವಿಕೆಯ ಭಾಗವಾದ ಪಯಣ, ನಮ್ಮದು ವೀಕೆಂಡು. ಆದರೂ ನೀರಿನ ಪಕ್ಕ ಬಟ್ಟೆಯ ಮನೆ ಕಟ್ಟಿ ರಾತ್ರಿ ಕಳೆಯುವ ಆಸೆ ಒಂದೇ. ಅದರ ಮುಂದಿನ ವರ್ಷ, 1619ರಲ್ಲಿ, ಅದೇ ಜಹಾಂಗೀರ್ ಕಾಶ್ಮೀರದ ದಾಲ್ ಸರೋವರದ ಬಳಿ ಶಾಲಿಮಾರ್ ತೋಟ ಮಾಡಿಸಿದ. ಈ ತೋಟದ ಹೆಸರನ್ನು ನೆನಪಿಟ್ಟುಕೊಳ್ಳಿ, ಇದು ಮುಂದೆ ನಮ್ಮ ಮೈಸೂರಿಗೆ ಬರುತ್ತದೆ.

ಸೂರತ್ತಿಗೂ ತನ್ನದೇ ಕೆರೆ ಇತ್ತು. ಹದಿನಾರನೇ ಶತಮಾನದ ಆರಂಭದಲ್ಲಿ ಮಲಿಕ್ ಗೋಪಿ ಎಂಬ ಸಿರಿವಂತ ವ್ಯಾಪಾರಿ, ಅಧಿಕಾರಿ ಕಟ್ಟಿಸಿದ ಗೋಪಿ ತಲಾವ್. 1623ರಲ್ಲಿ ಸೂರತ್ತಿಗೆ ಬಂದಿಳಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ಕೆರೆಯನ್ನು ನೋಡಿ ತನ್ನ ಪತ್ರಗಳಲ್ಲಿ ಬಣ್ಣಿಸಿದ್ದಾನೆ. ಕನ್ನಡಿಗರಿಗೆ ಆತ ಅಪರಿಚಿತನಲ್ಲ. ಅದೇ ವರ್ಷದ ಕೊನೆಯಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ ತಲುಪಿ, ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಂಡವನು ಈತನೇ. ಸೂರತ್ತಿನ ಕೆರೆ, ಸಾಗರ ಸೀಮೆಯ ಹೊಳೆ ಎರಡನ್ನೂ ಒಂದೇ ವರ್ಷದಲ್ಲಿ ನೋಡಿ ಬರೆದವನು. ನಾನು ಹುಟ್ಟಿದ್ದು ಆ ಹೊಳೆಯ ಸೀಮೆಯಲ್ಲಿ, ಬದುಕುತ್ತಿರುವುದು ಈ ಕೆರೆಯ ಊರಲ್ಲಿ. ಹಾಗಾಗಿ ಅವನ ಪತ್ರಗಳ ಮೇಲೆ ನನಗೆ ವಿಶೇಷ ಸಲಿಗೆ.

ಗೋಪಿ ತಲಾವ್ ಕಾಲಕ್ರಮದಲ್ಲಿ ಬತ್ತಿ, ಹೂಳು ತುಂಬಿ, ಹೆಸರಷ್ಟೇ ಉಳಿಯಿತು. ಕಳೆದ ದಶಕದಲ್ಲಿ ಮಹಾನಗರಪಾಲಿಕೆ ಅದನ್ನು ಮತ್ತೆ ತೋಡಿ, ನೀರು ತುಂಬಿಸಿ, ಸುತ್ತ ವಿಹಾರತಾಣ ಮಾಡಿತು. ಅಹಮದಾಬಾದಿನ ಕಾಂಕರಿಯಾವನ್ನು 2008ರಲ್ಲಿ ಹೀಗೆಯೇ ಹೊಸದು ಮಾಡಿದ್ದರು. ಇವೆರಡೂ ಕುಡಿಯುವ ನೀರಿಗಾಗಿ ಹುಟ್ಟಿ, ಆ ಕೆಲಸದಿಂದ ನಿವೃತ್ತಿಯಾಗಿ, ಈಗ ಪೂರ್ಣಾವಧಿ ಮನರಂಜನೆಗೆ ಸೇರಿಕೊಂಡಿವೆ.

ಅಣೆಕಟ್ಟೆಯ ಕಾಲ ಬುಡದಲ್ಲೊಂದು ತೋಟ

ಎರಡನೇ ಹಂತ ಶುರುವಾಗುವುದು ಎಂಜಿನಿಯರುಗಳ ಕಾಲದಲ್ಲಿ. ವಡೋದರಾದ ಮೂರನೇ ಸಯಾಜಿರಾವ್ ಗಾಯಕವಾಡರು ತಮ್ಮ ರಾಜಧಾನಿಗೆ ಕೊಳಾಯಿ ನೀರು ತರಲು ಊರಾಚೆ ಆಜ್ವಾದಲ್ಲಿ ಜಲಾಶಯ ಕಟ್ಟಿಸಿದರು. 1890ರ ದಶಕದ ಆರಂಭದಿಂದ ಇವತ್ತಿನವರೆಗೂ ಸಯಾಜಿ ಸರೋವರ ಆ ನಗರಕ್ಕೆ ನೀರು ಕೊಡುತ್ತಿದೆ. ಅದೇ ದಶಕದ ನಡುಭಾಗದಲ್ಲಿ ಸೂರತ್ತಿನಲ್ಲಿ ಬೊಂಬಾಯಿ ಸರ್ಕಾರದ ಎಕ್ಸಿಕ್ಯೂಟಿವ್ ಎಂಜಿನಿಯರಾಗಿ ಕೆಲಸ ಮಾಡುತ್ತಿದ್ದವರು ಯಾರು ಅಂದರೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು ಆಗ ಮೂವತ್ತೈದರ ಆಸುಪಾಸಿನ ಯುವಕ, ಕನ್ನಂಬಾಡಿ ಇನ್ನೂ ಕನಸೂ ಆಗಿರಲಿಲ್ಲ. ಸೂರತ್ತಿನ ಕನ್ನಡಿಗರ ಕೂಟಗಳಲ್ಲಿ ಈ ಸಂಗತಿ ಹೇಳಿದರೆ ಪ್ರತಿ ಸಲವೂ ಯಾರಾದರೊಬ್ಬರು ‘ಹೌದಾ’ ಅನ್ನುತ್ತಾರೆ.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ಕಟ್ಟೆಯ ಬುಡದ ಖಾಲಿ ಜಾಗದಲ್ಲಿ ತೋಟ ಮಾಡಬೇಕೆಂಬ ಹಟ ದಿವಾನ್ ಮಿರ್ಜಾ ಇಸ್ಮಾಯಿಲರದು. 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಬೃಂದಾವನಕ್ಕೆ ಅವರು ಮಾದರಿಯಾಗಿ ಇಟ್ಟುಕೊಂಡದ್ದು ಕಾಶ್ಮೀರದ ಶಾಲಿಮಾರ್ ತೋಟ. ಮುಂದೆ ವಡೋದರಾದವರು ಆಜ್ವಾ ಜಲಾಶಯದ ಬಳಿ ಕಾರಂಜಿ ತೋಟ ಮಾಡುವಾಗ ಮಾದರಿ ಇಟ್ಟುಕೊಂಡದ್ದು ನಮ್ಮ ಬೃಂದಾವನ. ಜಹಾಂಗೀರನ ತೋಟ ಮೈಸೂರಿಗೆ ಬಂದು, ಮೈಸೂರಿನ ತೋಟ ಗುಜರಾತಿಗೆ ಹೋಯಿತು. ವಡೋದರಾದ ನನ್ನ ಸಹೋದ್ಯೋಗಿ ತನ್ನ ಮಗುವಿನ ಜೊತೆ ಆಜ್ವಾದ ಬಣ್ಣದ ಕಾರಂಜಿ ನೋಡುವಾಗ ಅವನಿಗೆ ಗೊತ್ತಿಲ್ಲದೆಯೇ ಶ್ರೀರಂಗಪಟ್ಟಣ ತಾಲೂಕಿನ ಅತಿಥಿಯಾಗಿರುತ್ತಾನೆ.

ಈ ತೋಟಗಳಲ್ಲಿ ಒಂದು ಗುಟ್ಟಿದೆ. ಇವು ಕಟ್ಟೆಯ ಕೆಳಗಿವೆ. ನೋಡುವವನಿಗೆ ಮುಂದೆ ಕಾರಂಜಿ, ಹಿಂದೆ ಎತ್ತರದ ಗೋಡೆ. ಗೋಡೆಯ ಆಚೆ ಏನಿದೆ ಅನ್ನುವುದು ಕಾಣುವುದಿಲ್ಲ. ಆಚೆ ಇದ್ದದ್ದು ಕನ್ನಂಬಾಡಿ ಎಂಬ ಊರು, ಅದರ ಜೊತೆ ಇನ್ನೂ ಹಲವು ಹಳ್ಳಿಗಳು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ದೇವಸ್ಥಾನ ಮೇಲೆದ್ದು ಕಾಣುತ್ತಿತ್ತು. ಕೊನೆಗೆ ಅದರ ಕಲ್ಲುಗಳನ್ನು ಎತ್ತಿ ತಂದು ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಈಗ ಅದೂ ಒಂದು ಪ್ರವಾಸಿ ತಾಣ. ಮೊದಲ ತಲೆಮಾರಿನ ವಿಹಾರಿಗಳು ಕಟ್ಟೆಯ ಕೆಳಗೆ ನಿಂತು ಕಾರಂಜಿ ನೋಡಿದರು. ನಮ್ಮ ತಲೆಮಾರಿನವರು ಕಟ್ಟೆಯ ಹಿಂದಕ್ಕೆ ಹೋಗಿ ಹಿನ್ನೀರು ನೋಡುತ್ತೇವೆ. ಟೆಂಟು ಬಂದದ್ದು ಈ ಎರಡನೆಯ ಹೆಜ್ಜೆಯಲ್ಲಿ.

ಶಿಬಿರವೇ ಸಂತೋಷವಾದದ್ದು

ಶಿಬಿರ ಅನ್ನುವುದು ಮೊದಲು ಸೈನಿಕರಿಗೆ, ಸರ್ವೆಯವರಿಗೆ, ಕಂದಾಯ ಅಧಿಕಾರಿಗಳಿಗೆ ಸೇರಿದ್ದು. ಅದು ಹುಡುಗರ ಕೈಗೆ ಬಂದದ್ದು 1907ರಲ್ಲಿ, ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಪ್ರಯೋಗ ಮಾಡಿದಾಗ. ಅದರ ಮುಂದಿನ ವರ್ಷವೇ ಥಾಮಸ್ ಹೋಲ್ಡಿಂಗ್ ಎಂಬ ದರ್ಜಿ ಶಿಬಿರವಾಸಿಗಳಿಗೆಂದೇ ಒಂದು ಕೈಪಿಡಿ ಬರೆದು, ಹಗುರವಾದ ಡೇರೆ ಹೊತ್ತು ತಿರುಗುವುದನ್ನು ಹವ್ಯಾಸ ಮಾಡಿದ. ಟೆಂಟು ಕೊನೆಗೂ ಬಟ್ಟೆಯ ಕಥೆಯೇ ಅಲ್ಲವೇ! ಸಿಂಥೆಟಿಕ್ ಬಟ್ಟೆಯ ಸೂರತ್ತಿನವನಾಗಿ ನನಗೆ ಇದು ಸಮಾಧಾನದ ವಿಷಯ.

ಜಲಾಶಯಕ್ಕೂ ಶಿಬಿರಕ್ಕೂ ಕಾನೂನಿನ ಗಂಟು ಹಾಕಿದ್ದು ಅಮೆರಿಕ. ಹೂವರ್ ಅಣೆಕಟ್ಟೆಯ ಹಿಂದೆ ತುಂಬಿದ ಮೀಡ್ ಸರೋವರವನ್ನು 1936ರಲ್ಲೇ ವಿಹಾರ ಪ್ರದೇಶವಾಗಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಒಪ್ಪಿಸಿದರು. 1944ರ ಪ್ರವಾಹ ನಿಯಂತ್ರಣ ಕಾಯ್ದೆ ಸೇನೆಯ ಎಂಜಿನಿಯರ್ ದಳಕ್ಕೆ ತಾನು ಕಟ್ಟಿದ ಜಲಾಶಯಗಳ ದಡದಲ್ಲಿ ಉದ್ಯಾನ, ಮನರಂಜನೆಯ ಸೌಕರ್ಯ ಮಾಡುವ ಅಧಿಕಾರ ಕೊಟ್ಟಿತು. ಅಂದರೆ ವಿಹಾರ ಎಂಬುದು ಅಣೆಕಟ್ಟೆಯ ಉದ್ದೇಶಗಳ ಪಟ್ಟಿಯಲ್ಲೇ ಒಂದು ಸಾಲಾಯಿತು. ಅದೇ ಮೀಡ್ ಸರೋವರದ ಅಡಿಯಲ್ಲಿ ಸೇಂಟ್ ಥಾಮಸ್ ಎಂಬ ಊರಿದೆ. ಬರಗಾಲದಲ್ಲಿ ನೀರು ಇಳಿದಾಗ ಅದರ ಅಡಿಪಾಯಗಳು ಹೊರಬರುತ್ತವೆ, ಜನ ನೋಡಲು ಹೋಗುತ್ತಾರೆ. ಮುಳುಗಿದ ಊರು ಪ್ರವಾಸಿ ತಾಣವಾಗುವ ವಿಚಿತ್ರ ನಮ್ಮಲ್ಲಿ ಮಾತ್ರ ಇರುವುದಲ್ಲ.

ನಮ್ಮ ದೇಶದ ಯೋಜನಾ ವರದಿಗಳಲ್ಲಿ ಇದ್ದದ್ದು ನೀರಾವರಿ, ವಿದ್ಯುತ್ತು, ಪ್ರವಾಹ ತಡೆ. ದಡದ ಬದುಕಿನ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ವಿಹಾರ ಇಲ್ಲಿ ತಡವಾಗಿ, ತಾನಾಗಿ ಬಂತು. ಕಬಿನಿಯಲ್ಲಿ 1974ರ ಹೊತ್ತಿಗೆ ಅಣೆಕಟ್ಟೆಯಾಯಿತು, ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಸಂಸ್ಥೆ ಅದರ ಹಿನ್ನೀರಿನ ದಡದಲ್ಲಿ ತನ್ನ ಮೊದಲ ವಸತಿ ಮಾಡಿತು. ಬೇಸಿಗೆಯಲ್ಲಿ ಕಬಿನಿಯ ದಡಕ್ಕೆ ಆನೆಗಳು ಹಿಂಡುಹಿಂಡಾಗಿ ಬರುವುದಕ್ಕೆ ಕಾರಣ ಸರಳ. ನೀರು ಇಳಿದಂತೆ ತೇವದ ಮಣ್ಣು ಹೊರಬೀಳುತ್ತದೆ, ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಸುತ್ತಲ ಕಾಡು ಒಣಗಿರುತ್ತದೆ. ನೀರು ಬಿಟ್ಟುಕೊಟ್ಟ ಈ ಪಟ್ಟಿಯೇ ನನ್ನ ಲೇಖನದ ನಿಜವಾದ ನಾಯಕ.

ಉಕಾಯಿ: ಸರೋವರ ಮತ್ತು ಡೂಬಾಣ್

ಪಾಂಡೇಸರಾದ ಪಕ್ಕದ ಉಧನಾ ನಿಲ್ದಾಣದಿಂದ ಜಳಗಾಂವಿನ ಕಡೆ ಹೋಗುವ ರೈಲು ಹಳೆಯ ತಾಪ್ತಿ ವ್ಯಾಲಿ ರೈಲ್ವೆಯ ದಾರಿಯಲ್ಲೇ ಹೋಗುತ್ತದೆ. ಬಾರ್ಡೋಲಿ, ವ್ಯಾರಾ ದಾಟಿದರೆ ಉಕಾಯಿ ಸೋನಗಢ. ಗಾಯಕವಾಡರ ಮೂಲಪುರುಷ ಪಿಲಾಜಿರಾವ್ ನೆಲೆಯೂರಿದ ಬೆಟ್ಟದ ಕೋಟೆ ಸೋನಗಢದಲ್ಲೇ ಇದೆ. ಇನ್ನೂ ಮುಂದೆ ಹೋದರೆ ಗುಜರಾತ್ ಮತ್ತು ಮಹಾರಾಷ್ಟ್ರದ ಗಡಿ ಪ್ಲಾಟ್‌ಫಾರ್ಮಿನ ಮೇಲೇ ಹಾದುಹೋಗುವ ನವಾಪುರ. ಪಾನನಿಷೇಧದ ಗುಜರಾತಿನಿಂದ ಹೊರಟ ಕೆಲವು ಶಿಬಿರವಾಸಿಗಳಿಗೆ ನವಾಪುರದ ಆಕರ್ಷಣೆ ಸರೋವರಕ್ಕಿಂತ ಹೆಚ್ಚು ಅನ್ನುವುದನ್ನು ಇತಿಹಾಸಕ್ಕಾಗಿ ದಾಖಲಿಸಿಡುತ್ತೇನೆ.

ಉಕಾಯಿಯ ಕೆಳಗೆ ಕಾಕರಾಪಾರದ ಒಡ್ಡು 1954ರಲ್ಲೇ ಆಗಿತ್ತು. 1968ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ತನ್ನು ಮುಳುಗಿಸಿದಾಗ ಉಕಾಯಿಯ ಕೆಲಸ ನಡೆಯುತ್ತಿತ್ತು. 1972ರಲ್ಲಿ ಕಟ್ಟೆ ಪೂರ್ಣಗೊಂಡಿತು. ಮಣ್ಣು ಮತ್ತು ಕಲ್ಲುಗಾರೆಯ ಕಟ್ಟೆ, ಸುಮಾರು 4.9 ಕಿಲೋಮೀಟರ್ ಉದ್ದ, 22 ಗೇಟುಗಳು, 300 ಮೆಗಾವಾಟ್ ಜಲವಿದ್ಯುತ್ತು. ಹಿಂದೆ ನಿಂತ ನೀರಿಗೆ ವಲ್ಲಭ ಸಾಗರ ಎಂದು ಹೆಸರಿಟ್ಟರು. ಅದರ ಹಿನ್ನೀರು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯವರೆಗೂ ಹೋಗುತ್ತದೆ. ಈ ಸಾಗರದ ಕೆಳಗೆ ನೂರೈವತ್ತಕ್ಕೂ ಹೆಚ್ಚು ಹಳ್ಳಿಗಳ ನೆಲ ಹೋಯಿತು. ಹೆಚ್ಚಿನವರು ಗಾಮಿತ್, ವಸಾವಾ, ಭೀಲ್ ಮೊದಲಾದ ಆದಿವಾಸಿಗಳು. ನೀರು ಹರಿದು ಹೋದದ್ದು ಕೆಳಗಿನ ಬಯಲಿಗೆ. ಬಾರ್ಡೋಲಿಯ ಸುತ್ತಮುತ್ತ ಕಬ್ಬು ಬೆಳೆಯಿತು, ಸಕ್ಕರೆ ಕಾರ್ಖಾನೆಗಳು ಬೆಳೆದವು. ಮುಳುಗಡೆಯವರಲ್ಲಿ ಎಷ್ಟೋ ಕುಟುಂಬಗಳು ಮುಂದೆ ಅದೇ ಕಬ್ಬು ಕಡಿಯಲು ವರ್ಷಕ್ಕೆ ಆರು ತಿಂಗಳು ವಲಸೆ ಹೋದವು. ಇನ್ನು ಕೆಲವರು ಬಲೆ ಹಿಡಿದು ಅದೇ ನೀರಿಗೆ ಇಳಿದರು, ಮೀನುಗಾರರ ಸಹಕಾರ ಸಂಘಗಳು ಹುಟ್ಟಿದವು.

ಒಂದು ಜನವರಿಯಲ್ಲಿ ನಾವು ನಾಲ್ಕು ಕುಟುಂಬದವರು ಉಚ್ಛಲ್ ಕಡೆಯ ದಡಕ್ಕೆ ಹೋಗಿದ್ದೆವು. ಪೋಂಕಿನ ಕಾಲ. ಎಳೆ ಜೋಳವನ್ನು ಸುಟ್ಟು ಬಡಿದ ಈ ತಿಂಡಿಯನ್ನು ಸೂರತ್ತಿನವರು ತಮ್ಮದೊಂದೇ ಅನ್ನುವಂತೆ ಹೊಗಳುತ್ತಾರೆ. ನಮ್ಮ ಗುಂಪಿನ ವಿಜಯಪುರದ ಹೆಣ್ಣುಮಗಳು ಅದನ್ನು ಬಾಯಿಗೆ ಹಾಕಿಕೊಂಡು, ‘ಇದು ನಮ್ಮ ಸೀತನಿ ಅಲ್ಲೇನ್ರಿ’ ಅಂದಳು. ದಡದಲ್ಲಿ ಎಪ್ಪತ್ತರ ಆಸುಪಾಸಿನ ಗಾಮಿತ್ ಯಜಮಾನರೊಬ್ಬರು ಬಲೆ ಒಣಗಿಸುತ್ತಿದ್ದರು. ಊರಿನವರ ಅನುಮತಿ ಮೊದಲೇ ಪಡೆದಿದ್ದೆವಾದರೂ ಜಾಗ ಎಲ್ಲಿ ಅಂತ ಕೇಳಬೇಕಿತ್ತು.

‘ಕಾಕಾ, ತಂಬು ಇಲ್ಲಿ ಹಾಕಬಹುದಾ?’

‘ಹಾಕಿ ಸಾಹೇಬ್. ಆ ಕೆಳಗೆ ಮಾತ್ರ ಬೇಡ. ನೀರು ಇಳೀತಲ್ಲ, ಕಡಲೆ ಬಿತ್ತಿದ್ದೇನೆ.’

ನೋಡಿದರೆ ನೀರಿನ ಅಂಚಿಗೂ ಮೇಲಿನ ಗಟ್ಟಿ ನೆಲಕ್ಕೂ ನಡುವೆ ಹಸಿರು ಮೊಳಕೆಯ ಪಟ್ಟಿಗಳು. ಫೋಟೋ ತೆಗೆಯಲು ಎಲ್ಲಕ್ಕಿಂತ ಚಂದದ ಜಾಗ ಅದೇ. ರಾತ್ರಿ ಅವರು ನಮ್ಮ ಬೆಂಕಿಯ ಬಳಿ ಬಂದು ಕೂತರು. ನೀರು ಬಂದಾಗ ಅವರಿನ್ನೂ ದನ ಕಾಯುವ ಹುಡುಗ. ಹಳೆಯ ಊರು ಎಷ್ಟು ದೂರವಿತ್ತು ಅಂತ ಕೇಳಿದೆ. ‘ಇಲ್ಲಿಂದ ಹೊರಟರೆ ಒಂದು ಬೀಡಿ ಮುಗಿಯುವಷ್ಟು’ ಅಂದರು. ಮಗ ಎಲ್ಲಿದ್ದಾನೆ ಅಂದದ್ದಕ್ಕೆ, ‘ನಿಮ್ಮ ಊರಲ್ಲೇ. ಪಾಂಡೇಸರಾ. ಮಿಲ್ಲಿನಲ್ಲಿ’ ಅಂದರು. ಸರೋವರ ಅನ್ನುವ ಪದವನ್ನು ಅವರು ಒಮ್ಮೆಯೂ ಬಳಸಲಿಲ್ಲ. ಆ ನೀರಿಗೆ ಅವರು ಹೇಳುತ್ತಿದ್ದ ಹೆಸರು ಡೂಬಾಣ್.

ಡೂಬಾಣ್ ಅಂದರೆ ಮುಳುಗಡೆ. ಕನ್ನಡದಲ್ಲೂ ಒಂದೇ ನೀರಿಗೆ ಎರಡು ಹೆಸರುಗಳಿವೆ. ಬಂದವರು ಹಿನ್ನೀರು ಅನ್ನುತ್ತಾರೆ, ಹೋದವರು ಮುಳುಗಡೆ ಅನ್ನುತ್ತಾರೆ. ನನ್ನ ಮನೆಯಲ್ಲಿ ಎರಡೂ ಪದ ಬಳಕೆಯಲ್ಲಿವೆ.

ಶರಾವತಿಯ ಎರಡು ಮುಳುಗಡೆ

ನನ್ನ ತಾಯಿಯ ತವರಿನವರು ಶರಾವತಿ ಮುಳುಗಡೆಯವರು. ಆ ಹೊಳೆಯ ಜನ ಎರಡು ಸಲ ಎದ್ದವರು. ಮೊದಲನೆಯದು 1940ರ ದಶಕದಲ್ಲಿ, ಜೋಗದ ವಿದ್ಯುತ್ತಿಗಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದಾಗ. ಎರಡನೆಯದು 1964ರಲ್ಲಿ, ಲಿಂಗನಮಕ್ಕಿ ಆದಾಗ. ಈ ಹೊಸ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು! ನೀರು ಬಹಳ ಕಡಿಮೆಯಾದ ಬೇಸಿಗೆಗಳಲ್ಲಿ ಮಡೆನೂರು ಕಟ್ಟೆ ತನ್ನ ಗಣೇಶ್ ಅಯ್ಯರ್ ಸೈಫನ್‌ಗಳ ಸಮೇತ ಮೇಲೆ ಬರುತ್ತದೆ. ನನ್ನ ಅಜ್ಜಿಗೆ ಅದು ಬಸ್ಸು ದಾಟುತ್ತಿದ್ದ ಸೇತುವೆ ಇದ್ದ ಜಾಗದ ಗುರುತು. ಈಗಿನ ಹುಡುಗರಿಗೆ ಡ್ರೋನ್ ಹಾರಿಸುವ ಜಾಗ.

ಆ ಹಿನ್ನೀರಿನಲ್ಲಿ ಹೊನ್ನೆಮರಡು ಎಂಬ ಜಾಗವಿದೆ. ಕರ್ನಾಟಕದಲ್ಲಿ ಜಲಾಶಯದ ದಡದ ಶಿಬಿರವಾಸ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೊಂದು. ಕಾಯಕ್, ಹರಿಗೋಲು, ದ್ವೀಪದಲ್ಲಿ ಡೇರೆ, ರಾತ್ರಿಯ ನಕ್ಷತ್ರ ಎಲ್ಲವೂ ಉಂಟು. ಬೆಂಗಳೂರಿನಿಂದ ಹೋಗುವ ಕಾಲೇಜು ಹುಡುಗರಿಗೆ ಆ ದ್ವೀಪಗಳು ದ್ವೀಪಗಳೇ. ಹಳಬರಿಗೆ ಅವು ಗುಡ್ಡದ ತಲೆಗಳು. ಗುಡ್ಡದ ಸೊಂಟದಲ್ಲಿ ಅಡಿಕೆ ತೋಟ, ಕಾಲಿನಲ್ಲಿ ಗದ್ದೆ ಇತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಈ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ಎರಡನೆಯದನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಆ ನೀರಿನಾಚೆಯ ತುಮರಿ ಸೀಮೆಯವರಿಗೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಲಿಂಗನಮಕ್ಕಿಯಾಗಿ ಆರು ದಶಕ ಕಳೆದ ಮೇಲೆ. ಅಲ್ಲಿಯವರೆಗೆ ಲಾಂಚೇ ಗತಿ. ಪ್ರವಾಸಿಗೆ ಲಾಂಚಿನ ಪಯಣ ಒಂದು ಅನುಭವ. ರಾತ್ರಿ ಹೆರಿಗೆ ನೋವು ಬಂದ ಮನೆಯವರಿಗೆ ಅದೇ ಲಾಂಚು ಇಲ್ಲದ ಹೊತ್ತು. ಕಾಡಿನಂಚಿಗೆ ಎತ್ತಂಗಡಿಯಾದ ಹಲವು ಕುಟುಂಬಗಳ ಹಕ್ಕುಪತ್ರದ ವ್ಯಾಜ್ಯ ಇವತ್ತಿಗೂ ಮುಗಿದಿಲ್ಲ.

ಇಷ್ಟೆಲ್ಲಾ ಹೇಳಿ ವಿಹಾರವೇ ತಪ್ಪು ಅನ್ನುವುದು ನನ್ನ ವಾದವಲ್ಲ. ಮುಳುಗಿದ್ದು ಮುಳುಗಿತು. ಆ ನೀರಿನ ಮೇಲೆ ಸೂರ್ಯ ಮುಳುಗುವುದು ಚಂದ ಅನ್ನುವುದೂ ಸತ್ಯ. ಪ್ರಶ್ನೆ ಇರುವುದು ನೀರಿನ ಬಗ್ಗೆ ಅಲ್ಲ, ದಡದ ಬಗ್ಗೆ.

ಏರಿಳಿಯುವ ದಡ

ಕೆರೆಯ ದಡ ನಿಂತಲ್ಲೇ ನಿಂತಿರುತ್ತದೆ. ಜಲಾಶಯದ ದಡ ನಡೆಯುತ್ತದೆ. ಉಕಾಯಿಯಲ್ಲಿ ಮುಂಗಾರಿನ ಯಾವ ದಿನಾಂಕಕ್ಕೆ ಎಷ್ಟು ಅಡಿ ನೀರು ಹಿಡಿಯಬಹುದು ಎಂಬ ನಿಯಮದ ಮಟ್ಟವಿದೆ. ಆಗಸ್ಟಿನಲ್ಲಿ 335ರ ಆಸುಪಾಸು, ಅಕ್ಟೋಬರಿಗೆ 345. ಪ್ರವಾಹಕ್ಕೆ ಜಾಗ ಬಿಡಬೇಕು, ಬೇಸಿಗೆಗೆ ನೀರೂ ಉಳಿಯಬೇಕು. ಈ ಎರಡು ಬೇಡಿಕೆಗಳ ಜಗ್ಗಾಟ ಎಷ್ಟು ದುಬಾರಿ ಅನ್ನುವುದು 2006ರ ಆಗಸ್ಟಿನಲ್ಲಿ ಗೊತ್ತಾಯಿತು. ತುಂಬುತ್ತಿದ್ದ ಜಲಾಶಯದಿಂದ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಗಿ ಬಂದು ಸೂರತ್ತಿನ ಬಹುಭಾಗ ಮುಳುಗಿತು, ನೂರಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಗಳನ್ನು ಮುಳುಗಿಸಿ ನಗರವನ್ನು ಉಳಿಸುವ ಲೆಕ್ಕದಲ್ಲಿ ಕಟ್ಟಿದ ಕಟ್ಟೆ ಮೂವತ್ತನಾಲ್ಕು ವರ್ಷಗಳ ನಂತರ ನಗರಕ್ಕೂ ಮುಳುಗಡೆಯ ಅರ್ಥ ಹೇಳಿಕೊಟ್ಟಿತು.

ಪ್ರಾಜೆಕ್ಟ್ ಮ್ಯಾನೇಜರನ ಭಾಷೆಯಲ್ಲಿ ಹೇಳುವುದಾದರೆ, 335 ಮತ್ತು 345ರ ನಡುವಿನ ಹತ್ತು ಅಡಿ ಕಾಗದದ ಮೇಲೆ ‘ಬಫರ್’. ನೆಲದ ಮೇಲೆ ಅದು ಸಾವಿರಾರು ಎಕರೆ ಮಣ್ಣು. ಅದೇ ಮಣ್ಣನ್ನು ನಾಲ್ಕು ಕಡೆಯವರು ನೋಡುತ್ತಾರೆ. ನೀರಾವರಿ ಇಲಾಖೆಗೆ ಅದು ನೀರಿಗೆ ಮೀಸಲಾದ ಜಾಗ. ಮುಳುಗಡೆಯ ಕುಟುಂಬಕ್ಕೆ ಚಳಿಗಾಲದಲ್ಲಿ ಸಿಗುವ ಕಡಲೆ ಹೊಲ. ಮೀನುಗಾರನಿಗೆ ಬಲೆ ಒಣಗಿಸುವ ಅಂಗಳ. ನಮಗೆ ಟೆಂಟು ಹಾಕುವ ಸಮತಟ್ಟು ಜಾಗ. ಮೊದಲ ಮೂರು ಬಳಕೆಗಳು ಒಂದರ ಜೊತೆ ಒಂದು ಹೇಗೋ ಹೊಂದಿಕೊಂಡು ಐವತ್ತು ವರ್ಷ ಬಾಳಿವೆ. ನಾಲ್ಕನೆಯದು ಹೊಸದಾಗಿ ಬಂದದ್ದು, ಕೈಯಲ್ಲಿ ದುಡ್ಡಿಟ್ಟುಕೊಂಡು ಬಂದದ್ದು. ಹಾಗಾಗಿ ಜಾಗದ ಬೆಲೆ ಏರಿಸುವ ಶಕ್ತಿ ಇರುವುದು ಅದಕ್ಕೆ. ಇಲ್ಲಿ ಬೇಲಿ, ಕಾಟೇಜು, ಜೆಟ್ಟಿ ಬಂದರೆ ಮೊದಲು ಹೋಗುವುದು ಕಾಗದದಲ್ಲಿ ಎಲ್ಲೂ ಇಲ್ಲದ ಕಡಲೆ ಹೊಲ. ಒಮ್ಮೆ ಎದ್ದವರು ಮತ್ತೊಮ್ಮೆ ಏಳಬೇಕಾಗುತ್ತದೆ. ಎರಡನೇ ಸಲ ಅದಕ್ಕೆ ಪರಿಹಾರದ ಕಡತವೂ ಇರುವುದಿಲ್ಲ.

ಬಂದವರ ಸುರಕ್ಷತೆಯೂ ಇದೇ ದಡದ ಪ್ರಶ್ನೆ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ಮಕ್ಕಳಿದ್ದ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಜನ ಹೆಚ್ಚಿದ್ದರು, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಹರಣಿ ಊರೊಳಗಿನ ಸಣ್ಣ ಕೆರೆ. ಉಕಾಯಿ, ಲಿಂಗನಮಕ್ಕಿಗಳಂಥ ಜಲಾಶಯಗಳಲ್ಲಿ ಮಧ್ಯಾಹ್ನದ ಗಾಳಿಗೆ ಏಳುವ ಅಲೆ, ನೀರಿನಡಿಯ ಮರದ ಬೊಡ್ಡೆ, ಹೂಳಿನ ಕೆಸರು ಇವುಗಳ ನಕ್ಷೆ ಇರುವುದು ಅಲ್ಲಿನ ಮೀನುಗಾರರ ತಲೆಯಲ್ಲಿ ಮಾತ್ರ. ಅವರನ್ನು ಹೊರಗಿಟ್ಟು ಮಾಡಿದ ವಿಹಾರ ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಬೇರೆ ದಾರಿ ಇಲ್ಲವೇ ಅಂದರೆ ಇದೆ, ಹತ್ತಿರದಲ್ಲೇ ಇದೆ. ಅದೇ ತಾಪಿ ಜಿಲ್ಲೆಯಲ್ಲಿ, ಅಂಬಿಕಾ ನದಿಯ ದಡದ ಪದಮ್ ಡುಂಗರಿಯಲ್ಲಿ ಗುಜರಾತ್ ಅರಣ್ಯ ಇಲಾಖೆಯ ಶಿಬಿರವಿದೆ. ಅಲ್ಲಿ ಅಡುಗೆ ಮಾಡುವವರು, ಕಾಡು ತೋರಿಸುವವರು, ನದಿಯಲ್ಲಿ ಮಕ್ಕಳ ಮೇಲೆ ಕಣ್ಣಿಡುವವರು ಸುತ್ತಲ ಆದಿವಾಸಿ ಹಳ್ಳಿಗಳವರೇ. ಊಟಕ್ಕೆ ನಾಗಲಿಯ ರೊಟ್ಟಿ ಸಿಗುತ್ತದೆ. ನಾಗಲಿ ಅಂದರೆ ನಮ್ಮ ರಾಗಿ. ಸೂರತ್ತಿನಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಮುದ್ದೆಯ ಹಿಟ್ಟು ಇಲ್ಲಿಯ ಬೆಟ್ಟಗಳಲ್ಲೂ ಬೆಳೆಯುತ್ತದೆ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಕಾಯಿಯ ದಡದಲ್ಲಿ ಏನೇ ಹೊಸದು ಬಂದರೂ, ಮುಳುಗಡೆಯವರ ಮೀನುಗಾರ ಸಂಘಗಳಿಗೆ ದೋಣಿ ಮತ್ತು ದಡದ ಮೊದಲ ಹಕ್ಕು ಕೊಟ್ಟೇ ಬರಬೇಕು ಅನ್ನುವುದು ನನ್ನ ನಿಲುವು. ಲಿಂಗನಮಕ್ಕಿಗೂ ಇದೇ ಮಾತು.

ಓದುಗರಲ್ಲಿ ಹೆಚ್ಚಿನವರು ನನ್ನ ಹಾಗೆ ಊರು ಬಿಟ್ಟು ಬಂದವರು, ರಜೆ ಸಿಕ್ಕರೆ ಎಲ್ಲೋ ಒಂದು ಹಿನ್ನೀರಿಗೆ ಹೋಗುವವರು. ಪವನಾ ಇರಬಹುದು, ವಾಣಿವಿಲಾಸ ಸಾಗರ ಇರಬಹುದು, ಕಬಿನಿ ಇರಬಹುದು. ಟೆಂಟಿನ ಮೊಳೆ ಹೊಡೆಯುವ ಮೊದಲು ಅಲ್ಲಿಯವರನ್ನು ಮೂರು ಮಾತು ಕೇಳಿ. ಈ ನೆಲದಲ್ಲಿ ಏನಾದರೂ ಬಿತ್ತಿದ್ದೀರಾ? ನೀರು ಎಲ್ಲಿಯವರೆಗೆ ಬರುತ್ತದೆ? ಇದರ ಕೆಳಗೆ ಯಾವ ಊರಿತ್ತು? ಮೊದಲ ಪ್ರಶ್ನೆಯಿಂದ ಅವರ ಬೆಳೆ ಉಳಿಯುತ್ತದೆ, ಎರಡನೆಯದರಿಂದ ನಿಮ್ಮ ಜೀವ ಉಳಿಯುತ್ತದೆ. ಮೂರನೆಯ ಪ್ರಶ್ನೆಗೆ ಸಿಗುವ ಹೆಸರನ್ನು ಮಕ್ಕಳ ಕೈಯಲ್ಲಿ ಬರೆಸಿಟ್ಟುಕೊಳ್ಳಿ. ನಕ್ಷೆಯಲ್ಲಿ ಆ ಜಾಗ ಬರೀ ನೀಲಿಯಾಗಿರುತ್ತದೆ.